ಬಸವನ ಹೊಟ್ಟೆಗಿಟ್ಟ ಗುರಿ

ಮಚ್ಚು ನನ್ನ ಗಂಟಲ ಮೇಲೆ. ಗನ್ನು ನನ್ನ ಕೈಯಲ್ಲಿ.

ಹೀರೋ ಅನ್ಕೋಬೇಡಿ ಸಾರ್... ಅದು ಎಕ್ಸ್‌ರೇ ಗನ್ನು! ಅದೂ ಬಾಡಿಗೆಯದು. ಮಣ್ಣಿನ ಗೊಂಬೆಗೆ ಹಿಡಿದರೆ, ಒಂದು ಗೀರೂ ಬೀಳದ ಹಾಗೆ, ಆ ಮಣ್ಣಲ್ಲಿ ಏನೇನಿದೆ ಅಂತ ಹೇಳುತ್ತೆ.

ಮೇಜಿನ ಮೇಲೆ ಅಂಗೈಯಗಲದ ಮಣ್ಣಿನ ಬಸವ. ಉದ್ದನಪಲ್ಲಿ ರಾಮಕ್ಕನ ಹೊಲದ ಹಳೇ ಸಮಾಧಿಯಲ್ಲಿ ಸಿಕ್ಕಿ, ಅವಳ ಮನೆದೇವರಾಗಿ, ಕಳುವಾಗಿದ್ದು.

"ನನ್ ಬಸಪ್ಪನ್ನ ತಂದ್ಕೊಡಪ್ಪಾ. ಉಗುರಷ್ಟೂ ಕೆರೀಬೇಡ" ಅಂತ ಈ ಬಡ ಪತ್ತೇದಾರನ ಕೈ ಹಿಡಿದಿದ್ದಳು.

ಅದೇ ಸಮಾಧಿ ಗುಂಡಿಯ ಮಡಕೆ ಚೂರುಗಳನ್ನ ಮೊದಲೇ ಅಳೆದಿದ್ದೆ. ಬಸವನ ಮಣ್ಣು ಅದಕ್ಕೆ ಮ್ಯಾಚ್ ಆಯ್ತೋ, ಹೊರಗೆ ಕಾದಿರೋ ಇನ್‌ಸ್ಪೆಕ್ಟರ್ ರಾಧಾಮಣಿ ಒಳಗೆ ನುಗ್ತಾರೆ. ಇಲ್ಲವೋ, ಬಸವ ಇವತ್ತೇ ಚೆನ್ನೈಗೆ!

ಕೊಳ್ಳೋರ ಕಡೆಯ ಎಕ್ಸ್‌ಪರ್ಟ್ ಅಂತ ಹೊಸೂರಿನ ಈ ಹೂವಿನ ಶೆಡ್ಡಿಗೆ ನುಗ್ಗಿದ್ದೆ. ಚೆನ್ನಾಗೇ ನಡೀತಿತ್ತು... ಮಗಳ ಫೋನ್ ಬರೋವರೆಗೆ. ಕೈ ಖಾಲಿ ಇಲ್ಲ ಅಂತ ಸ್ಪೀಕರ್ ಒತ್ತಿದೆ. ಬುದ್ಧಿವಂತ!

"ಅಪ್ಪಾ, ಪೊಲೀಸ್ ಆಂಟಿ ಕೆಲ್ಸ ಮುಗೀತಾ? ಚಾರ್ಟ್ ಪೇಪರ್ ಮರೀಬೇಡ!"

ಬಸವನನ್ನ ಮಾರೋಕೆ ಕೂತಿದ್ದ ಬ್ರೋಕರ್ ಕುಮಾರೇಶ್ ಮಚ್ಚು ತೆಗೆದು ನನ್ನ ಗಂಟಲಿಗಿಟ್ಟ.

"ಯಾರ್ಲಾ ಪೊಲೀಸ್ ಆಂಟಿ? ಇದು ನಮ್ ತಾತಂದು ಕಣ್ಲಾ, ತಂಜಾವೂರಿಂದು!"

ಬೀಪ್. ಮ್ಯಾಚ್ ಇಲ್ಲ! ಬರೀ ಸೀಸ... ರಾಶಿ ಸೀಸ.

ಆಮೇಲೆ ನೋಡಿದೆ. ಬಸವನ ಹಣೆ, ಡುಬ್ಬ, ಬೆನ್ನು ಎಲ್ಲ ಕೆಂಪು. ಮಂಗಳವಾರ ಮಂಗಳವಾರ ರಾಮಕ್ಕ ಬಳಿದ, ಸೀಸ ಬೆರೆಸಿದ ಅಗ್ಗದ ಕುಂಕುಮ! ಈ ಗನ್ನು ಮೇಲಿನ ಪದರವನ್ನಷ್ಟೇ ಓದುತ್ತೆ. ಮಹಾ ಎಕ್ಸ್‌ಪರ್ಟು ನಾನು, ಕುಂಕುಮಕ್ಕೆ ಗುಂಡು ಹೊಡೀತಿದ್ದೆ.

ಬಸವನನ್ನ ಮಗುಚಿದೆ. ಹೊಟ್ಟೆ ಬೋಳು!

"ಕೈ ತೆಗೀಲಾ!"

"ಹತ್ರ ಬರಬೇಡ. ಇದರ ಕಿರಣ ಬಿದ್ರೆ ಮಕ್ಕಳಾಗಲ್ಲ. ನಂಗೆ ಎರಡಿವೆ, ಸಾಕಾಗೋಗಿದೆ. ನಿಂಗೆ ಮುಂದಿನ ತಿಂಗಳು ಮದುವೆ ಅಂತ ಆಗಲೇ ಅಂದ್ಯಲ್ವಾ?"

ಹಸೀ ಸುಳ್ಳು ಸಾರ್! ಆದರೂ ಮಚ್ಚು ಇಳೀತು. ಅವನ ಎರಡೂ ಕೈ ಪಂಚೆಯ ಮುಂದಕ್ಕೆ ಹೋದವು.

ಬೀಪ್.

ಮ್ಯಾಚ್!

"ಮೇಡಂ!" ಅಂತ ಗರ್ಜಿಸಿದೆ... ಕೀರಲು ದನಿ ಬಂತು.

ಕುಮಾರೇಶ್ ಓಡಿದ. ನಾನೂ ಬಿದ್ದಂಬೀಳ ಓಡಿದೆ. ಅವನ ಪಂಚೆ ಅವನ ಕಾಲಿಗೇ ಸಿಕ್ಕಿತು. ಇಬ್ಬರೂ ರೋಜಾ ಹೂವಿನ ಕ್ರೇಟುಗಳ ಮೇಲೆ ಧೊಪ್ಪನೆ ಬಿದ್ದೆವು. ಅವನಿಗೆ ಬೇಡಿ. ನನಗೆ ಮುಳ್ಳು.

ನೆಲದಲ್ಲಿ ಸಿಕ್ಕ ಪುರಾತನ ವಸ್ತು ಅಂತ ಬಸವನನ್ನ ಸರ್ಕಾರ ಒಯ್ಯೋ ಮುಂಚೆ ಒಂದು ಪೂಜೆಗೆ ರಾಧಾಮಣಿ ಒಪ್ಪಿದರು. ರಾಮಕ್ಕ ಅತ್ತಳು. ನಾನು ಸುಮ್ಮನಿರಬೇಕಿತ್ತು...

"ಹೊಟ್ಟೆ ಮೇಲೆ ಕುಂಕುಮ ಇರಲಿಲ್ಲ ನೋಡಕ್ಕ, ಅದಕ್ಕೇ ಪತ್ತೆಯಾಯ್ತು."

"ಹೊಟ್ಟೆ ಬುಟ್ಬುಟ್ಟಿದ್ನಾ? ಅಯ್ಯೋ, ಅದ್ಕೇ ಕಣಪ್ಪ ಕಳುವಾಗೋಗಿದ್ದು!"

ತಡೆಯೋದರೊಳಗೆ ಬಟ್ಟಲು ಖಾಲಿ. ಹೊಟ್ಟೆ, ಕಾಲು, ಗೊರಸಿನ ಸಂದು... ಎಲ್ಲ ಕೆಂಪು!

ಸೋಮವಾರ ಕೋರ್ಟಲ್ಲಿ ಮತ್ತೆ ಅಳೆದು ತೋರಿಸಬೇಕು ಸಾರ್. ಬಸವ ಯಾವೂರವನು ಅಂತ ಗನ್ನು ಇನ್ನು ಹೇಳಲ್ಲ... ಕುಂಕುಮ ಯಾವ ಅಂಗಡಿಯದು ಅಂತ ಮಾತ್ರ ಖಂಡಿತ ಹೇಳಬಲ್ಲೆ!