ಹಸಿರು ದೀಪದ ಸಾಕ್ಷಿ

ದಾಕ್ಷಾಯಣಿಯ ತೋಳಿನ ಮೇಲಿನ ಔಷಧದ ಪಟ್ಟಿಯಲ್ಲಿ ಹಸಿರು ದೀಪ ಉರಿಯುತ್ತಿತ್ತು. ಅವಳು ಮಾತ್ರ ಬಚ್ಚಲಲ್ಲಿ ಕೂತು ವಾಂತಿ ಮಾಡುತ್ತಿದ್ದಳು.

ಬಸುರಿಯರ ಓಕರಿಕೆ ತಗ್ಗಿಸಲೆಂದು ಆ ಪಟ್ಟಿಯನ್ನು ಕಂಡುಹಿಡಿದವಳು ನೀಲಾಂಬಿಕಾ. ನಾಣ್ಯದಷ್ಟು ಅಗಲ, ತೋಳಿಗೆ ಅಂಟಿಸಿದರೆ ರಕ್ತದಲ್ಲಿ ಬಿ-ಆರು ಜೀವಸತ್ವ ಎಷ್ಟಿದೆಯೆಂದು ತಾನೇ ಅರಿತು, ಕಡಿಮೆಯಾದಷ್ಟನ್ನು ಚರ್ಮದ ಮೂಲಕ ಒಳಗೆ ಬಿಡುತ್ತಿತ್ತು. ಸಾಕಷ್ಟಿದ್ದರೆ ಹಸಿರು ದೀಪ. ಬಹಳ ಹೆಂಗಸರಿಗೆ ಹಿತವಾಯಿತು. ಗುಳೇದಗುಡ್ಡದ ನೇಕಾರರ ಓಣಿಯಲ್ಲಂತೂ ಅದಕ್ಕೆ ಕುಂಕುಮ ಹಚ್ಚಿ 'ಹಸರವ್ವ' ಎಂದು ಕೈಮುಗಿಯುತ್ತಿದ್ದರು. ಅದನ್ನು ಕಣ್ಣಾರೆ ನೋಡಲೆಂದೇ ನೀಲಾಂಬಿಕಾ ಆ ಓಣಿಗೆ, ದಾಕ್ಷಾಯಣಿಯ ಮನೆಗೆ ಬಂದಿದ್ದಳು.

"ನೀವ ನೋಡ್ರಿ ಬಾಯಾರ," ಎಂದಳು ಅತ್ತೆ ಗುರುಶಾಂತವ್ವ, ಸೊಸೆಯನ್ನು ಹೊರಗೆ ಕರೆತಂದು. "ಹಸರವ್ವ ಎಲ್ಲಾ ಸರಿ ಐತಿ ಅಂತಾಳ, ಇಕಿ ಇಲ್ಲ ಅಂತಾಳ. ಮಗ್ಗದ ಮುಂದ ಕುಂದ್ರು ಅಂದ್ರ ಸಾಕು, ಬಚ್ಚಲಕ್ಕ ಓಡ್ತಾಳ. ಬರೇ ನಾಟಕ."

ನೀಲಾಂಬಿಕಾ ತೋಳು ಹಿಡಿದು ಪಟ್ಟಿ ಪರೀಕ್ಷಿಸಿದಳು. "ಸರಿಯಾಗೇ ಕೆಲಸ ಮಾಡ್ತಿದೆಯಲ್ಲ," ಎಂದಳು.

ದಾಕ್ಷಾಯಣಿ ತೋಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. "ನೀವೂ ಬರೇ ದೀಪಾನ ನೋಡಿದ್ರಿ ಅಲ್ರೀ? ನೀರು ಕುಡದ್ರೂ ನಿಂದ್ರವಲ್ದು. ಮೂತ್ರಕ್ಕ ಹೋಗಿ ಒಂದ ದಿನಾ ಆತು."

ಆಗ ನೀಲಾಂಬಿಕಾ ಅವಳ ಮುಖ ನೋಡಿದಳು. ತುಟಿ ಒಡೆದಿತ್ತು, ಕಣ್ಣು ಗುಳಿ ಬಿದ್ದಿದ್ದವು. ದೇಹದ ನೀರೆಲ್ಲ ಬತ್ತುತ್ತಿತ್ತು. ಇನ್ನೂ ತಡವಾದರೆ ಎರಡು ಜೀವಕ್ಕೂ ಅಪಾಯ. ಜೀವಸತ್ವಕ್ಕೆ ಬಗ್ಗದ ಇಂಥ ವಾಂತಿ ಕೆಲವರಿಗಿರುತ್ತದೆಂದು ನೀಲಾಂಬಿಕಾಳಿಗೆ ಗೊತ್ತಿಲ್ಲದ್ದೇನಲ್ಲ. ಶಿವನೇ, ಎಂದುಕೊಂಡಳು, ತಲೆ ತಾನಾಗಿ ತಗ್ಗಿತು. ಗುರುಶಾಂತವ್ವನತ್ತ ತಿರುಗಿದಳು.

"ಅವ್ವಾ, ಔಷಧ ಒಳಗೆ ಹೋಗಿದೆ ಅಂತಷ್ಟೇ ಆ ದೀಪ ಹೇಳೋದು. ಸಂಕಟ ಹೋಗಿದೆ ಅಂತಲ್ಲ. ಜನ ನಂಬಲಿ ಅಂತ ಅದನ್ನ ಇಟ್ಟವಳು ನಾನು. ತಪ್ಪು ನನ್ನದು. ಏಳಿ, ಗಾಡಿ ಹೊರಡಿಸೋಣ."

ಆಸ್ಪತ್ರೆಯಲ್ಲಿ ಸಲೈನ್ ಹನಿಹನಿಯಾಗಿ ಇಳಿಯಿತು. ಸಂಜೆಯ ಹೊತ್ತಿಗೆ ದಾಕ್ಷಾಯಣಿಗೆ ನಿದ್ದೆ ಹತ್ತಿತು. ಕೂಸಿನ ಎದೆಬಡಿತ ಸರಿಯಿದೆ ಎಂದರು. ಹೊರಗಿನ ಬೆಂಚಿನ ಮೇಲೆ ಅತ್ತೆಯೂ ನೀಲಾಂಬಿಕಾಳೂ ಒಬ್ಬರ ಮುಖ ಒಬ್ಬರು ನೋಡದೆ ಕೂತರು.

"ಇನ್ಮುಂದೆ ಆ ದೀಪ ತೆಗೆದುಬಿಡ್ತೀನಿ," ಎಂದಳು ನೀಲಾಂಬಿಕಾ.

ಗುರುಶಾಂತವ್ವ ಸೆರಗಿನ ಅಂಚು ತಿರುವಿದಳು.

"ತಗೀರಿ. ಆದ್ರ ನಾ ಬಸರಿದ್ದಾಗ ನಮ್ಮತ್ತಿನೂ ಹಿಂಗ ನಾಟಕ ಅಂತಿದ್ಲು," ಎಂದಳು. "ಆವಾಗ ಯಾವ ದೀಪಾನೂ ಇರಲಿಲ್ರಿ."