ತೆಮಿರ್ಕುಲ್ ಪಾಲಿಸಿದ ಸಲಹೆ

"ಬಾಗಿಲು ತೆಗೀರಿ! ಸಾದತ್ ಅಕ್ಕಾ, ಬಾಗಿಲು ತೆಗೀರಿ!"

ಗೇಟು ಬಡಿದ ರಭಸಕ್ಕೆ ಸಾದತ್ ಅಕ್ಕನ ಅಂಗಳದಲ್ಲಿ ಕೂತಿದ್ದ ನನ್ನ ಕೈಯಲ್ಲಿನ ಚಹಾ ತೊಡೆಯ ಮೇಲೆ ಚೆಲ್ಲಿತು. ಬೈಯುತ್ತಲೇ ಎದ್ದು ಹೋಗಿ ತೆಗೆದೆ. ಹೊರಗೆ ನಿಂತಿದ್ದವಳು ಮಹ್ಫೂಜಾ, ಕಲ್ಲಂಗಡಿ ಲಾರಿ ಓಡಿಸುವ ಸೈದುಲ್ಲಾನ ಹೆಂಡತಿ. ತಲೆವಸ್ತ್ರ ಹೆಗಲಿಗೆ ಜಾರಿತ್ತು. ಒಂದೇ ಕಾಲಿನಲ್ಲಿ ಚಪ್ಪಲಿ ಇತ್ತು.

"ನನ್ನ ಗಂಡ ಯಾರನ್ನೂ ಕೊಂದಿಲ್ಲ ಅಕ್ಕಾ. ಘಾಟಿ ತಿರುವಿನ ಕೆಳಗೆ ಯಾರೋ ಬಿದ್ದಿದ್ದಾರೆ ಅಂತ ಲಾರಿ ನಿಲ್ಲಿಸಿ, ಇಳಿದು ಹೋಗಿ, ಹೊತ್ಕೊಂಡು ಬಂದು ಆಸ್ಪತ್ರೆಗೆ ಸೇರಿಸಿದ್ರು. ಅದೇ ತಪ್ಪಾಯ್ತಾ? ನೋಡಿಯೂ ನೋಡದ ಹಾಗೆ ಬಂದಿದ್ರೆ ಇವತ್ತು ಮನೇಲಿ ಊಟ ಮಾಡ್ತಿದ್ರು. ಲಾರಿ ಗುದ್ದಿ ಕೊಂದೆ ಅಂತ ಲಾಕಪ್ಪಿಗೆ ಹಾಕಿದ್ದಾರೆ. ಸೋಮವಾರ ಕೋರ್ಟಿಗಂತೆ!"

ಬಿದ್ದಿದ್ದವನು ನಮ್ಮ ಸೈಕಲ್ ಬಳಗದ ತೆಮಿರ್ಕುಲ್. ಗುರುವಾರ ಬೆಳಿಗ್ಗೆ ನನ್ನ ತಂದೂರಿನ ಮುಂದೆ ನಗುನಗುತ್ತಾ ನಿಂತಿದ್ದವನು ಮಧ್ಯಾಹ್ನದ ಹೊತ್ತಿಗೆ ಕಣ್ಣೇ ಬಿಡದೆ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಒಶ್ ಪೇಟೆಯಲ್ಲಿ ರೊಟ್ಟಿ ಸುಡುತ್ತಾ ನನ್ನ ಗಡ್ಡ ಬೆಳ್ಳಗಾಗಿದೆ, ಸಾವು ಕಾಣದವನೇನಲ್ಲ. ಆದರೂ ಆ ಸುದ್ದಿ ಕೇಳಿದಾಗಿನಿಂದ ತಂದೂರು ಹಚ್ಚಿರಲಿಲ್ಲ. ಅವನನ್ನು ಕೊಂದವನ ಹೆಂಡತಿ ಇವಳೇ ಎಂದು ಆ ಗಳಿಗೆಯವರೆಗೂ ನಂಬಿದ್ದೆ. ಮುಖಕ್ಕೇ ಗೇಟು ಹಾಕಿಬಿಡುತ್ತಿದ್ದೆನೋ ಏನೋ.

"ಎಸೆನ್, ಅವಳಿಗೆ ನೀರು ಕೊಡು," ಎಂದು ನನಗೆ ಹೇಳಿದರು ಸಾದತ್ ಅಕ್ಕ.

ಸಾದತ್ ಅಕ್ಕ ಪೊಲೀಸ್ ತನಿಖಾಧಿಕಾರಿಯಾಗಿದ್ದು ನಿವೃತ್ತರಾದವರು. ಮಂಡಿ ಹಾಳಾಗಿ ಸೈಕಲ್ ಬಿಟ್ಟಿದ್ದರು, ಸೈಕಲ್ಲಿನವರನ್ನು ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಘಾಟಿ ಹತ್ತಿ ಇಳಿದ ನಮ್ಮ ಬಳಗ ಅವರ ಅಂಗಳದ ಹಿಪ್ಪುನೇರಳೆ ಮರದಡಿ ಸೇರುತ್ತಿತ್ತು. ಅಲ್ಲಿ ಒಬ್ಬೊಬ್ಬರು ಒಂದೊಂದು ಪ್ರಶ್ನೆ ಕೇಳಬೇಕು. ಟೈರು ಯಾಕೆ ಪದೇ ಪದೇ ಪಂಕ್ಚರ್ ಆಗುತ್ತೆ, ಅಂಗಡಿಯ ಜಾಗ ಬದಲಿಸಲೋ ಬೇಡವೋ, ಅತ್ತೆಯ ಬಾಯಿ ಮುಚ್ಚಿಸುವುದು ಹೇಗೆ, ಏನು ಬೇಕಾದರೂ. ಉಳಿದವರೆಲ್ಲ ಸಲಹೆ ಕೊಡಬೇಕು. ಕೇಳಿದವನು ಅದರಲ್ಲಿ ಒಂದನ್ನಾದರೂ ಮುಂದಿನ ಭಾನುವಾರದೊಳಗೆ ಪಾಲಿಸಲೇಬೇಕು. ಪಾಲಿಸದೆ ಬಂದವನಿಗೆ ಆ ದಿನ ಪಲಾವು ಇಲ್ಲ. ತಮಾಷೆಗೆ ಶುರುವಾದ ಕಟ್ಟಳೆ ಅದು. ಆದರೆ ನಮ್ಮಲ್ಲಿ ಯಾರೂ ಮುರಿದವರಿಲ್ಲ.

ಹಿಂದಿನ ಭಾನುವಾರ ತೆಮಿರ್ಕುಲ್ ಕೇಳಿದ ಪ್ರಶ್ನೆ ನನಗೆ ಚೆನ್ನಾಗಿ ನೆನಪಿತ್ತು. ಅವನು ಪ್ರವಾಸಿಗರಿಗೆ ಸೈಕಲ್ ಬಾಡಿಗೆಗೆ ಕೊಡುತ್ತಿದ್ದವನು, ಬಾಯಿಬಡುಕ. ಅವತ್ತು ಮಾತ್ರ ತಲೆ ತಗ್ಗಿಸಿ ಕೂತಿದ್ದ.

"ನನಗೆ ಬೇಕಾದವನೊಬ್ಬ ಮಾರೋ ಸಾಮಾನು ಜನರ ಪ್ರಾಣ ತೆಗೆಯುತ್ತೆ. ಅದು ಅವನಿಗೂ ಗೊತ್ತು. ನಾನೇನು ಮಾಡ್ಲಿ?"

ಯಾರು, ಯಾವ ಸಾಮಾನು ಎಂದು ಕೇಳಿದರೆ ಬಾಯಿ ಬಿಡಲಿಲ್ಲ.

"ಸರ್ಕಾರಕ್ಕೆ ಬರೆದು ಹಾಕಿ," ಎಂದಳು ಗುಲ್ಜಾತ್. ಅವಳು ದನದ ಡಾಕ್ಟರು, ಔಷಧಿ ಅಂಗಡಿಯೂ ಇದೆ.

"ಊರಿನ ಉಸಾಬರಿ ನಿನಗ್ಯಾಕೋ? ತೆಪ್ಪಗಿರು," ಎಂದ ಕಾಮ್ಚಿ. ಅವನದು ಗ್ಯಾಸ್ ಸಿಲಿಂಡರ್ ತುಂಬಿಸುವ ವ್ಯಾಪಾರ.

ಕ್ರೀಡಾ ಸಾಮಾನಿನ ಅಂಗಡಿಯ ಓಮುರ್ಬೆಕ್ ಅವನ ಹೆಗಲ ಮೇಲೆ ಕೈ ಹಾಕಿದ. ಬಳಗಕ್ಕೆಲ್ಲ ಹಿರಿಯಣ್ಣನಂತಿದ್ದವನು, ನಮಗೆ ಸೈಕಲ್ಲಿನ ಗೇರು, ಪಂಪು, ಹೆಲ್ಮೆಟ್ಟು ಎಲ್ಲವನ್ನೂ ತನ್ನ ವ್ಯಾನಿನಲ್ಲಿ ತಂದುಕೊಡುತ್ತಿದ್ದವನು. "ಬೇಕಾದವನು ಅಂತೀಯಲ್ಲಪ್ಪಾ, ಊರೆಲ್ಲ ಟಾಂಟಾಂ ಮಾಡೋಕೆ ಮುಂಚೆ ಅವನೊಬ್ಬನನ್ನೇ ಕರೆದು ಎದುರಿಗೆ ಹೇಳು. ತಿದ್ಕೊಳ್ಳೋಕೆ ಒಂದು ಅವಕಾಶ ಕೊಡು," ಎಂದ. ಎಂಥ ದೊಡ್ಡ ಮನಸ್ಸು ಎಂದುಕೊಂಡೆ ನಾನು.

ಇದನ್ನೆಲ್ಲ ಸಾದತ್ ಅಕ್ಕನೂ ಅಲ್ಲೇ ಕೂತು ಕೇಳಿದ್ದರು. ಈಗ ನನ್ನತ್ತ ತಿರುಗಿ, "ಗುರುವಾರ ಅವನು ನಿನ್ನ ಹತ್ರ ಏನಂದ?" ಎಂದರು.

"ಎರಡು ರೊಟ್ಟಿ ತಗೊಂಡ ಅಕ್ಕಾ. ಒಬ್ಬನೇ ಎರಡು ತಿಂತೀಯೇನೋ ಹೊಟ್ಟೆಬಾಕ ಅಂದೆ. ಸಲಹೆ ಪಾಲಿಸೋಕೆ ಹೊರಟಿದ್ದೀನಣ್ಣಾ ಅಂದ."

ಅಕ್ಕ ತಕ್ಷಣ ಕೋಲು ಹಿಡಿದು ಎದ್ದರು.

ಠಾಣೆಯಲ್ಲಿದ್ದ ಅಧಿಕಾರಿ ಹಿಂದೊಮ್ಮೆ ಅಕ್ಕನ ಕೈಕೆಳಗೆ ಕೆಲಸ ಮಾಡಿದವನು. ಹತ್ತು ನಿಮಿಷ ಮಾತಾಡಲು ಬಿಟ್ಟ. ಸೈದುಲ್ಲಾ ಕಂಬಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಅಂಗಿಯಲ್ಲಿ ತೆಮಿರ್ಕುಲ್‌ನ ರಕ್ತ ಒಣಗಿತ್ತು.

"ಸೈಕಲ್ ಹೇಗೆ ಬಿದ್ದಿತ್ತಪ್ಪಾ?"

"ಬಿದ್ದ ಹಾಗೆ ಇರ್ಲಿಲ್ಲ ಅಕ್ಕಾ. ಹುಲ್ಲಿನ ಮೇಲೆ ಮಲಗಿಸಿದ ಹಾಗಿತ್ತು. ಚೈನು ಮೇಲ್ಗಡೆಗೆ. ಪಕ್ಕದಲ್ಲಿ ರೊಟ್ಟಿ ಗಂಟು ಬಿಚ್ಚದೆ ಹಾಗೇ ಇತ್ತು. ಅವರ ತಲೆ ಮೇಲೆ ಹೆಲ್ಮೆಟ್ಟೂ ಇತ್ತು. ಆದ್ರೂ ಹಿಂದುಗಡೆಯಿಂದ ರಕ್ತ ಸುರೀತಿತ್ತು."

ಅಲ್ಲಿಂದ ತೆಮಿರ್ಕುಲ್‌ನ ಮನೆಗೆ ಹೋದೆವು. ಅವನ ಹೆಂಡತಿ ಬುರುಲ್ ಆಸ್ಪತ್ರೆಯವರು ಕೊಟ್ಟ ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. ಹೆಲ್ಮೆಟ್ ಹೊರಗೆ ತೆಗೆದು, "ನೋಡಿ ಅಕ್ಕಾ, ಇದಕ್ಕೊಂದು ಗೀರೂ ಬಿದ್ದಿಲ್ಲ. ಒಳಗಿದ್ದ ತಲೆ ಮಾತ್ರ ಒಡೆದು ಹೋಯ್ತು," ಎಂದು ಬಿಕ್ಕಿದಳು.

ಅಕ್ಕ ಅದರ ಗಲ್ಲದ ಪಟ್ಟಿಯನ್ನು ಬೆರಳಲ್ಲಿ ಸವರಿದರು. ಆಮೇಲೆ ನನ್ನ ಕೈಯಲ್ಲಿದ್ದ ಹೆಲ್ಮೆಟ್ ಇಸಿದುಕೊಂಡು ಅದರ ಪಟ್ಟಿಯನ್ನೂ ನೋಡಿದರು. "ಥೂ! ಇದನ್ನ ಯಾವತ್ತಾದ್ರೂ ತೊಳೆದಿದ್ದೀಯೇನೋ?"

"ಘಾಟಿ ಹತ್ತಿದ್ರೆ ಬೆವರದೆ ಇರುತ್ತಾ? ಎಲ್ಲರದ್ದೂ ಹೀಗೇ ಇರುತ್ತೆ," ಎಂದೆ. ಸಾವಿನ ಮನೆಯಲ್ಲಿ ನನ್ನ ಬೆವರಿನ ಮಾತೇಕೆ ಎಂದು ಸಿಟ್ಟೇ ಬಂದಿತ್ತು.

ಭಾನುವಾರ ಯಾರೂ ಘಾಟಿ ಹತ್ತಲಿಲ್ಲ. ಆದರೂ ಎಲ್ಲರೂ ಅಂಗಳಕ್ಕೆ ಬಂದರು, ಅಕ್ಕ ಹೇಳಿಕಳಿಸಿದ್ದರು. ಗುಲ್ಜಾತ್ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಳು. ಕಾಮ್ಚಿ ಎಂದಿನಂತೆ ಸೈಕಲ್ಲನ್ನು ಚೈನು ನೆಲಕ್ಕೆ ಬಡಿಯುವ ಹಾಗೆ ದಢಾರನೆ ಕೆಡವಿದ. ಅದಕ್ಕಾಗಿ ವಾರವಾರವೂ ಅವನಿಗೆ ಬೈಗುಳ ಬೀಳುತ್ತಿತ್ತು, ಅವತ್ತು ಯಾರಿಗೂ ಬೈಯುವ ಮನಸ್ಸಾಗಲಿಲ್ಲ. ಓಮುರ್ಬೆಕ್ ಬುರುಲ್‌ಳನ್ನು ಕೈಹಿಡಿದು ಕರೆತಂದು ನೆರಳಲ್ಲಿ ಕೂರಿಸಿದ. ಮಹ್ಫೂಜಾ ಗೇಟಿನ ಹತ್ತಿರವೇ ನಿಂತಳು. ಠಾಣಾಧಿಕಾರಿ ಗೋಡೆಗೆ ಒರಗಿದ್ದ.

"ಇವತ್ತು ಪ್ರಶ್ನೆ ಕೇಳೋ ಸರದಿ ನಂದು," ಎಂದರು ಸಾದತ್ ಅಕ್ಕ. "ತೆಮಿರ್ಕುಲ್‌ನನ್ನ ಕೊಂದವರು ಯಾರು?"

"ಲಾರಿಯವನು ತಾನೇ?" ಎಂದ ಕಾಮ್ಚಿ.

"ಲಾರಿ ಗುದ್ದಿದ ಸೈಕಲ್ಲು ಮುದುರಿ ಬಿದ್ದಿರುತ್ತೆ. ಇದು ಹುಲ್ಲಿನ ಮೇಲೆ ಚೈನು ಮೇಲಾಗಿ ಮಲಗಿತ್ತು. ಹಾಗೆ ಮಲಗಿಸೋದು ಯಾರು? ಗೇರಿಗೆ ಪೆಟ್ಟಾಗಬಾರದು ಅಂತ ಕೈಗೆ ಅಭ್ಯಾಸ ಆದವರು. ಲಾರಿಯವನಿಗೆ ಅದರ ಗೊಡವೆ ಇಲ್ಲ. ತೆಮಿರ್ಕುಲ್ ಬಿದ್ದ ಮೇಲೆ ಅದನ್ನ ಹೊತ್ಕೊಂಡು ರಸ್ತೆಯಿಂದ ಕೆಳಗಿಳಿದವನು ಎಸೆದಿದ್ರೆ ಎಲ್ಲರೂ ಅಪಘಾತ ಅಂತಲೇ ನಂಬ್ತಿದ್ರು. ಮನುಷ್ಯನ್ನ ಹೊಡೆದ ಕೈಗೆ ಸೈಕಲ್ಲು ಎಸೆಯೋಕೆ ಮನಸ್ಸು ಬರ್ಲಿಲ್ಲ."

ಹಾಗಾದರೆ ನಮ್ಮವರೇ! ಪಕ್ಕದಲ್ಲಿ ಕೂತಿದ್ದ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಅವರೂ ನನ್ನನ್ನು ಹಾಗೇ ನೋಡುತ್ತಿದ್ದರು.

"ಕಾಮ್ಚಿ ಅಲ್ಲ," ಎಂದರು ಅಕ್ಕ. "ಅವನು ಸೈಕಲ್ ಕೆಡವೋದನ್ನ ಈಗಷ್ಟೇ ನೋಡಿದ್ರಿ."

"ಅಬ್ಬಾ, ಬೈಗುಳ ತಿಂದಿದ್ದಕ್ಕೂ ಲಾಭ ಆಯ್ತು," ಎಂದು ಕಾಮ್ಚಿ ಗೊಣಗಿದ.

"ತೆಮಿರ್ಕುಲ್ ಯಾವ ಸಲಹೆ ಪಾಲಿಸೋಕೆ ಹೋದ? ಸರ್ಕಾರಕ್ಕೆ ಬರೆಯೋಕೆ ಎರಡು ರೊಟ್ಟಿ ಬೇಕಾಗಲ್ಲ. ತೆಪ್ಪಗಿರೋಕೂ ಬೇಕಾಗಲ್ಲ. ಒಬ್ಬನನ್ನ ಎದುರಿಗೆ ಕೂರಿಸ್ಕೊಂಡು, ರೊಟ್ಟಿ ಮುರಿದು ಹಂಚ್ಕೊಂಡು, ಬುದ್ಧಿ ಹೇಳೋಕೆ ಹೋದ."

"ಅದು ನನ್ನ ಸಲಹೆ," ಎಂದ ಓಮುರ್ಬೆಕ್. "ಅಯ್ಯೋ, ನಾನು ಹಾಗೆ ಹೇಳಬಾರದಿತ್ತು."

"ಸಲಹೆ ನಿನ್ನದು ಅಂದ ಮಾತ್ರಕ್ಕೆ ನೀನೇ ಕೊಂದೆ ಅಂತಲ್ಲ. ಗುಲ್ಜಾತ್ ಔಷಧಿ ಮಾರ್ತಾಳೆ, ಅದೂ ಪ್ರಾಣ ತೆಗೀಬಹುದು. ಆದ್ರೆ ಈ ಹೆಲ್ಮೆಟ್ ನೋಡು." ಅಕ್ಕ ಆಸ್ಪತ್ರೆಯ ಚೀಲದಿಂದ ಅದನ್ನು ತೆಗೆದರು. "ವರ್ಷಗಟ್ಟಲೆ ಘಾಟಿ ಹತ್ತಿದವನ ಹೆಲ್ಮೆಟ್ಟಿನ ಪಟ್ಟಿ ಬೆವರಿನ ಉಪ್ಪು ಕಟ್ಟಿ ಬಿಳಿ ಗೆರೆ ಬಿದ್ದಿರುತ್ತೆ. ಇದರಲ್ಲಿ ಒಂದು ಗೆರೆನೂ ಇಲ್ಲ. ಇದು ತೆಮಿರ್ಕುಲ್‌ದಲ್ಲ. ಅವನು ಬಿದ್ದ ಮೇಲೆ ಅವನ ತಲೆಗೆ ಹಾಕಿದ ಹೊಸದು. ಹಳೇದನ್ನ ಯಾಕೆ ತೆಗೆದ್ರು?"

ಅಕ್ಕ ನನ್ನ ಕಡೆ ಕೈ ಚಾಚಿದರು. "ಎಸೆನ್, ನಿನ್ನ ಹೆಲ್ಮೆಟ್ ಕೊಡು. ಯಾರ ಹತ್ರ ಕೊಂಡಿದ್ದು?"

"ಎಲ್ಲರೂ ಕೊಳ್ಳೋದು ಓಮುರ್ಬೆಕ್ ಹತ್ರನೇ ಅಲ್ವಾ ಅಕ್ಕಾ?"

ಅಕ್ಕ ಅದನ್ನು ಎದೆಯ ಎತ್ತರಕ್ಕೆ ಹಿಡಿದು ಅಂಗಳದ ಕಲ್ಲಿನ ಮೇಲೆ ಸುಮ್ಮನೆ ಬಿಟ್ಟರು. ಎಸೆಯಲಿಲ್ಲ, ಬಿಟ್ಟರು ಅಷ್ಟೇ. ಅದು ಕೋಳಿಮೊಟ್ಟೆಯ ಹಾಗೆ ಎರಡು ಹೋಳಾಯಿತು.

"ಅಯ್ಯೋ ದೇವರೇ!" ಎಂದು ಕೂಗಿದವನು ನಾನೋ ಕಾಮ್ಚಿಯೋ ಗೊತ್ತಿಲ್ಲ. ಅದನ್ನು ತಲೆಗೆ ಕಟ್ಟಿಕೊಂಡು ಎಷ್ಟು ಸಲ ಆ ಘಾಟಿ ಇಳಿದಿದ್ದೆ ನಾನು!

"ಇದೇ ಆ ಸಾಮಾನು," ಎಂದರು ಅಕ್ಕ. "ಬಾಡಿಗೆ ಅಂಗಡೀಲಿ ಒಂದು ಹೀಗೇ ಕೈಜಾರಿ ಬಿದ್ದು ಒಡೆದಿರಬೇಕು, ತೆಮಿರ್ಕುಲ್‌ಗೆ ಗೊತ್ತಾಯ್ತು. ಹೆಣದ ತಲೆ ಮೇಲೆ ಒಡೆದ ಹೆಲ್ಮೆಟ್ ಸಿಕ್ಕಿದ್ರೆ ಗ್ಯಾಸಿನವನಿಗೆ ನಷ್ಟ ಇಲ್ಲ, ಔಷಧಿಯವಳಿಗೂ ಇಲ್ಲ. ಅಷ್ಟು ಸುಲಭವಾಗಿ ಯಾಕೆ ಒಡೀತು ಅಂತ ಯಾರೂ ಕೇಳಬಾರದು ಅನ್ನೋ ಭಯ ಇದ್ದದ್ದು ಅದನ್ನ ಮಾರಿದವನಿಗೆ ಮಾತ್ರ. ವ್ಯಾನಿನಲ್ಲಿ ಹೊಸ ಹೆಲ್ಮೆಟ್ ಇಟ್ಕೊಂಡು ಓಡಾಡೋನೂ ಅವನೊಬ್ಬನೇ. ಸಲಹೆ ಕೊಟ್ಟ ದಿನವೇ ನಿನಗೆ ಗೊತ್ತಿತ್ತಲ್ವಾ ಓಮುರ್ಬೆಕ್, ಅವನು ಮಾತಾಡ್ತಿರೋದು ನಿನ್ನ ಬಗ್ಗೆ ಅಂತ?"

ಠಾಣಾಧಿಕಾರಿ ಗೇಟಿನಾಚೆ ನಿಂತಿದ್ದ ಅವನ ವ್ಯಾನಿನತ್ತ ಹೊರಟ. ಓಮುರ್ಬೆಕ್ ತಡೆಯಲಿಲ್ಲ. "ಅವನ ಒಡೆದ ಹೆಲ್ಮೆಟ್ ಸೀಟಿನ ಕೆಳಗಿದೆ," ಎಂದ. "ಬಿಸಾಡೋಕಾಗ್ಲಿಲ್ಲ."

ಬುರುಲ್ ತನ್ನ ಕೈಯನ್ನು ನೋಡಿಕೊಂಡಳು. ಅವನು ಹಿಡಿದು ಕರೆತಂದಿದ್ದ ಕೈ ಅದು. ಅದನ್ನು ಲಂಗಕ್ಕೆ ಉಜ್ಜಿದಳು, ಮತ್ತೆ ಮತ್ತೆ ಉಜ್ಜಿದಳು.

"ಒಪ್ಪಿಸಬಹುದು ಅಂದ್ಕೊಂಡಿದ್ದೆ," ಎಂದ ಓಮುರ್ಬೆಕ್. "ನನ್ನೆದುರು ಬಿಟ್ಟು ಬೇರೆಯವರ ಎದುರು ಹೇಳದೆ ಇರ್ಲಿ ಅಂತ ಆ ಸಲಹೆ ಕೊಟ್ಟೆ. ಅವನು, ಎಲ್ಲರ ಹೆಲ್ಮೆಟ್ಟೂ ವಾಪಸ್ ತಗೋ, ಇಲ್ಲಾಂದ್ರೆ ಭಾನುವಾರ ನಾನೇ ಹೇಳ್ತೀನಿ ಅಂದ. ಬೆನ್ನು ತಿರುಗಿಸಿ ಸೈಕಲ್ ಕಡೆ ನಡೆದ. ಕೈಗೆ ಕಲ್ಲು ಸಿಕ್ತು, ಹೊಡೆದೆ. ಆಮೇಲೆ ಅವನನ್ನೂ ಸೈಕಲ್ಲನ್ನೂ ರಸ್ತೆಯಿಂದ ಕೆಳಗಿಳಿಸಿದೆ." ಅವನು ತಲೆಯೆತ್ತಿ ನಮ್ಮನ್ನೆಲ್ಲ ಬೆಪ್ಪನ ಹಾಗೆ ನೋಡಿದ. "ಸಾಯ್ತಾನೆ ಅಂದ್ಕೊಳ್ಲಿಲ್ಲ. ತಲೆ ಮೇಲೆ ಹೆಲ್ಮೆಟ್ ಇತ್ತಲ್ಲಾ ಅಂದ್ಕೊಂಡೆ."

ಅವನನ್ನು ಕರೆದೊಯ್ದರು. ಮಹ್ಫೂಜಾ ಗಂಡನನ್ನು ಬಿಡಿಸಿಕೊಳ್ಳಲು ಠಾಣೆಯತ್ತ ಓಡಿದಳು, ಈ ಸಲ ಎರಡೂ ಕಾಲಿಗೆ ಚಪ್ಪಲಿ ಇಲ್ಲದೆ. ಗುಲ್ಜಾತ್ ತನ್ನ ಹೆಲ್ಮೆಟ್ಟನ್ನು ಕಲ್ಲಿನ ಮೇಲೆ ಬಿಟ್ಟಳು. ಕಾಮ್ಚಿಯೂ ಬಿಟ್ಟ. ಎರಡೂ ಒಡೆದವು. ಪಲಾವಿನ ಒಲೆ ಹಚ್ಚುವವರು ಯಾರೂ ಇರಲಿಲ್ಲ.

ಆಗ ನನಗೆ ನೆನಪಾಯಿತು. ಹುಟ್ಟುಹಬ್ಬಕ್ಕೆಂದು ಮೊಮ್ಮಗಳಿಗೆ ನಾನೇ ಕೊಡಿಸಿದ್ದ ಕೆಂಪು ಹೆಲ್ಮೆಟ್, ಅದೇ ಅಂಗಡಿಯದು. ಆ ಹೊತ್ತಿಗೆ ಅವಳು ನಮ್ಮ ಬೀದಿಯ ಇಳಿಜಾರಿನಲ್ಲಿ ಸೈಕಲ್ ಕಲಿಯುತ್ತಿದ್ದಳು.

"ಅಕ್ಕಾ, ಬಂದೆ," ಎಂದಷ್ಟೇ ಹೇಳಿ, ಬರಿತಲೆಯಲ್ಲೇ ಸೈಕಲ್ ಹತ್ತಿ, ಮನೆಯ ಕಡೆ ತುಳಿದೆ.