ಜಕ್ಕಲೆಯ ನಾಲ್ಕನೆಯ ಶಂಕೆ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ನಡುವೆ ಮುತ್ತಾಲಪುರವೆಂಬ ರಾಜ್ಯವಿತ್ತು. ಅಲ್ಲಿ ಜಕ್ಕಲೆ ಎಂಬ ಹೆಂಗಸು ಕೋಟೆಬಾಗಿಲಲ್ಲಿ ಬಂದುಹೋಗುವವರನ್ನು ವಿಚಾರಿಸುವ ಕೆಲಸಕ್ಕೆ ಸೇರಿದಳು. ವೇಷ ಮರೆಸಿಕೊಂಡು ಬಂದವರನ್ನು ಮಾತಿನಲ್ಲೇ ಹಿಡಿದುಹಾಕುತ್ತಾ ಗೂಢಚಾರರ ಒಡತಿಯಾದಳು. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಅರಸ ವಿಜಯಪಾಲ ಇಡೀ ರಾಜ್ಯದ ರಕ್ಷಣೆಯನ್ನೇ ಅವಳಿಗೆ ಒಪ್ಪಿಸಿದ.

ಆಮೇಲೆ ಒಂದು ವರ್ಷ ಗಡಿಯ ಮೂರು ಕೋಟೆಗಳು ಒಂದರ ಹಿಂದೊಂದು ಬಿದ್ದವು. ಧೂಮಾಕ್ಷನೆಂಬ ಮಾಂತ್ರಿಕನ ಮಾಯಾಮೃಗಗಳು ಪ್ರತಿಸಲವೂ ಕಾವಲಿಲ್ಲದ ಬಾಗಿಲಿಗೇ ನೆಟ್ಟಗೆ ಬಂದಿದ್ದವು. ಯಾವ ಬಾಗಿಲಿಗೆ ಕಾವಲಿಲ್ಲವೆಂಬ ಗುಟ್ಟು ತಿಳಿದಿದ್ದವರು ಜಕ್ಕಲೆಯನ್ನು ಬಿಟ್ಟರೆ ನಾಲ್ವರೇ: ದಂಡನಾಯಕ, ಮಂತ್ರಿ, ರಾಣಿ, ಅರಸ.

ಜಕ್ಕಲೆ ಒಬ್ಬೊಬ್ಬರನ್ನೇ ಪರೀಕ್ಷಿಸಲು ಹೊರಟಳು. ದಂಡನಾಯಕ ಬಮ್ಮಯ್ಯನ ಬಳಿ, "ನಾಳೆ ಮೂಡಣ ಬಾಗಿಲಿಗೆ ಕಾವಲಿಲ್ಲ" ಎಂದು ಸುಳ್ಳು ಹೇಳಿ ಅಡಗಿ ಕಾದಳು. ಯಾವ ಮೃಗವೂ ಬರಲಿಲ್ಲ. ಮಂತ್ರಿಗೆ ಪಡುವಣ ಬಾಗಿಲೆಂದಳು. ಯಾವ ಮೃಗವೂ ಬರಲಿಲ್ಲ. ರಾಣಿಗೆ ತೆಂಕಣ ಬಾಗಿಲೆಂದಳು. ಆಗಲೂ ಬರಲಿಲ್ಲ.

ವಿಷಯ ತಿಳಿದು ಬಮ್ಮಯ್ಯ ಮಾತು ಬಿಟ್ಟ. ಮಂತ್ರಿ ಮುಖ ತಿರುಗಿಸಿದ. ರಾಣಿ ಕರೆಸಿ ಕೇಳಿದಳು, "ನನ್ನನ್ನೂ ನಂಬಲಿಲ್ಲವೇ ಜಕ್ಕಲೆ?"

"ಇಲ್ಲ ತಾಯಿ. ನಂಬಿ ಕೂತರೆ ನನ್ನ ಕೆಲಸ ಯಾರು ಮಾಡುತ್ತಾರೆ?"

ಉಳಿದವನು ಅರಸನೊಬ್ಬನೇ. ಅವನನ್ನು ಶಂಕಿಸುವುದೆಂದರೆ ರಾಜದ್ರೋಹ. ಆದರೂ ಜಕ್ಕಲೆ ಹೇಳಿದಳು, "ಪ್ರಭು, ನಾಳೆ ಬಡಗಣ ಬಾಗಿಲಿಗೆ ಕಾವಲಿಲ್ಲ."

ಬೆಳಗಾಗುತ್ತಲೇ ಬೆಂಕಿಯುಗುಳುವ ಕಾಡುಹಂದಿಯೊಂದು ಬಡಗಣ ಬಾಗಿಲಿಗೆ ನುಗ್ಗಿ ಬಂತು. ಸೈನಿಕರು ಬಲೆ ಬೀಸಿ ಹಿಡಿದು ಅದನ್ನು ಪಂಜರಕ್ಕೆ ದೂಡಿದರು. ತನ್ನ ಕೋಟೆಗಳನ್ನು ತಾನೇ ಬೀಳಿಸುವವನಲ್ಲ ವಿಜಯಪಾಲ; ಹಾಗಾದರೆ ಸಿಂಹಾಸನದಲ್ಲಿ ಕೂತಿದ್ದವನು ಅರಸನಲ್ಲ, ಅರಸನ ರೂಪ ಕದ್ದ ಧೂಮಾಕ್ಷ ಎಂದು ಜಕ್ಕಲೆಗೆ ಹೊಳೆಯಿತು.

ಅಂಥ ಮಾಯೆಯ ಕಟ್ಟಳೆ ಅವಳಿಗೆ ಗೊತ್ತಿತ್ತು: ಕದ್ದ ರೂಪವನ್ನು ಅರಸನ ಮೂವರು ಆಪ್ತರು ತುಂಬಿದ ಸಭೆಯಲ್ಲಿ ಅಲ್ಲಗಳೆದರೆ ಅದು ಕಳಚಿ ಬೀಳುತ್ತದೆ. ಮೂವರೂ ಹೇಳಿ ಮುಗಿಸುವವರೆಗೆ ಬಾಯಿಬಿಟ್ಟವರು ಕಲ್ಲಾಗುತ್ತಾ ಹೋಗುತ್ತಾರೆ, ಒಬ್ಬರು ಹಿಂಜರಿದರೂ ಕಲ್ಲಾಗಿಯೇ ಉಳಿಯುತ್ತಾರೆ. ತಾನು ನೋಯಿಸಿದ ಮೂವರ ಬಳಿಗೇ ಜಕ್ಕಲೆ ಹೋದಳು. ಕಂಡದ್ದನ್ನೆಲ್ಲ ಹೇಳಿದಳು.

ಮಧ್ಯಾಹ್ನ ಸಭೆ ಸೇರಿತು. ಜಕ್ಕಲೆ ಸಿಂಹಾಸನದೆದುರು ನಿಂತು, "ಇವನು ಯಾರೆಂದು ಬಲ್ಲವರು ಹೇಳಲಿ" ಎಂದಳು.

"ಇವಳ ತಲೆ ಹಾರಿಸಿ!" ಎಂದು ಅರಸನ ರೂಪದವನು ಗುಡುಗಿದ.

ಬಮ್ಮಯ್ಯ ಎದ್ದ. "ನೀನು ನಮ್ಮ ಅರಸನಲ್ಲ." ಅವನ ಪಾದಗಳು ಕಲ್ಲಾದವು. ಮಂತ್ರಿ ಎದ್ದ. "ನೀನು ನಮ್ಮ ಅರಸನಲ್ಲ." ಅವನು ಸೊಂಟದವರೆಗೆ ಕಲ್ಲಾದ. ರಾಣಿ ಜಕ್ಕಲೆಯ ಕಡೆ ನೋಡಿ ಎದ್ದಳು.

"ಆರು ತಿಂಗಳಿಂದ ಇವನು ನನ್ನೊಡನೆ ಒಂದು ಸಲವೂ ಜಗಳವಾಡಿಲ್ಲ. ನನಗೇ ಭ್ರಮೆಯೆಂದುಕೊಂಡಿದ್ದೆ. ನೀನು ನನ್ನ ಗಂಡನಲ್ಲ!"

ರೂಪ ಕಳಚಿ ಬಿತ್ತು. ಧೂಮಾಕ್ಷ ಬೂದಿಯಾಗಿ ಉದುರಿದ. ಕಲ್ಲಾದ ಕಾಲುಗಳಿಗೆ ಮತ್ತೆ ಜೀವ ಬಂತು. ಅರಸನನ್ನೇ ಅವನು ಮೃಗ ಮಾಡಿದ್ದ; ಪಂಜರದ ಕಾಡುಹಂದಿ ವಿಜಯಪಾಲನಾಗಿ ಎದ್ದು ಸಭೆಗೆ ಬಂತು. ಸಭೆಯೆಲ್ಲ ಕೈಮುಗಿಯಿತು. ಜಕ್ಕಲೆ ಮಾತ್ರ ಕೈಮುಗಿಯಲಿಲ್ಲ.

"ನನಗೆ ಈ ಪದವಿ ಕೊಟ್ಟ ದಿನ ನಾನು ಏನು ಕೇಳಿದ್ದೆ, ಪ್ರಭು?"

ಅರಸ ನಕ್ಕ. "'ನಿಮ್ಮನ್ನೂ ಶಂಕಿಸಬಹುದೇ' ಎಂದು ನೀನು ಕೇಳಿದ್ದೆ. ನಾನು ಹೂಂ ಅಂದಿದ್ದೆ."

ಆಗ ಜಕ್ಕಲೆ ಕೈಮುಗಿದಳು. ಅವಳ ಕಣ್ಣು ತುಂಬಿ ಬಂದಿತ್ತು. ಬಿದ್ದ ಕೋಟೆಗಳು ಮತ್ತೆ ಎದ್ದವು, ಮುತ್ತಾಲಪುರದವರು ನೂರು ಕಾಲ ನೆಮ್ಮದಿಯಾಗಿ ಬಾಳಿದರು.